ದಾಡಿಯ ಟರ್ಕಿಯೂ ನನ್ನ ಮಡಿ ಸೀರೆಯೂ

ಮಡಿ ಸೀರೆ ಒಣಗಿಸುವುದಕ್ಕೆ ನಮ್ಮ ಮನೆಯಲ್ಲಿ ಒಂದು ಕ್ರಮವಿತ್ತು. ಸ್ನಾನದ ನಂತರ ಹಿಂಡಿ, ಕೋಲಿನ ತುದಿಯಿಂದ ಎತ್ತಿ, ಹಿತ್ತಲಿನ ಎತ್ತರದ ಬಿದಿರುಗಳುವಿನ ಮೇಲೆ ಹರವಬೇಕು. ಮರುದಿನ ಬೆಳಿಗ್ಗೆ ನಾನು ಮಿಂದು ತೆಗೆಯುವವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ. ಮುಟ್ಟಿದರೆ ಮತ್ತೆ ಒಗೆಯಬೇಕು. ಇದು ಅತ್ತೆ ಕಲಿಸಿದ್ದು. ನನ್ನ ತಂದೆ ರೈಲ್ವೆ ಗಾರ್ಡ್ ಆಗಿದ್ದವರು. ತವರಿನಲ್ಲಿ ಅನ್ನವೂ ಗಡಿಯಾರ ನೋಡಿಯೇ ಬೇಯುತ್ತಿತ್ತು. ಹಾಗಾಗಿ ಅತ್ತೆಯ ಕ್ರಮ ನನಗೆ ಹೊರೆ ಎನಿಸಲಿಲ್ಲ. ವಿಮಾ ಕಚೇರಿಗೆ ಓಡುತ್ತಿದ್ದ ವರ್ಷಗಳಲ್ಲೂ ತಪ್ಪಿಸಲಿಲ್ಲ, ಮದ್ರಾಸಿನ ಪೆರಂಬೂರಿಗೆ ನೀರು ಲಾರಿಯಲ್ಲಿ ಬರುತ್ತಿದ್ದ ಬೇಸಿಗೆಗಳಲ್ಲೂ ತಪ್ಪಿಸಲಿಲ್ಲ.

ತಪ್ಪಿಸಿದ್ದು ಒಂದು ಟರ್ಕಿ ಕೋಳಿ.

ಮದ್ರಾಸು ಚೆನ್ನೈ ಎನಿಸಿಕೊಂಡು ಒಂದೆರಡು ವರ್ಷವಾಗಿತ್ತು. ನಾನೂ ನಮ್ಮವರೂ ಇಬ್ಬರೂ ನಿವೃತ್ತರಾಗಿದ್ದೆವು. ಪಕ್ಕದ ಮನೆಯಲ್ಲಿ ಇಂಜಿನ್ ಡ್ರೈವರ್ ಒಬ್ಬರ ವಿಧವೆ ಇದ್ದರು, ಆಂಗ್ಲೋ ಇಂಡಿಯನ್ ಹೆಂಗಸು. ಹುಟ್ಟಿ ಬೆಳೆದದ್ದು ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಹೂವಿನ ಫ್ರಾಕ್ ತೊಟ್ಟು, ಕಾಂಪೌಂಡ್ ಗೋಡೆಯ ಮೇಲೆ ಮೊಣಕೈಯೂರಿ, ಅವರು ಖಡಕ್ ಹುಬ್ಬಳ್ಳಿ ಕನ್ನಡದಲ್ಲಿ ಮಾತು ತೆಗೆದರೆ ತರಕಾರಿಯವಳು ತಕ್ಕಡಿ ಕೆಳಗಿಟ್ಟು ನೋಡುತ್ತಿದ್ದಳು.

ಆ ವರ್ಷ ಕ್ರಿಸ್‌ಮಸ್ಸಿಗೆಂದು ಅವರು ಒಂದು ಟರ್ಕಿ ತಂದರು. ತಮಿಳಿನವರು ವಾನ್‌ಕೋಳಿ ಎನ್ನುತ್ತಾರೆ. ಇದು ಸಾಮಾನ್ಯ ಟರ್ಕಿಯ ಹಾಗಿರಲಿಲ್ಲ. ಮೈಯೆಲ್ಲ ತಣ್ಣಗಾದ ಒಲೆಯ ಬೂದಿಯ ಬಣ್ಣ, ಎದೆಯ ನಡುವಿನಿಂದ ಒಂದು ಗೇಣು ಕಪ್ಪು ಕೂದಲಿನ ಜುಟ್ಟು ನೇತಾಡುತ್ತಿತ್ತು.

"ದಾಡಿ ನೋಡ್ರಿ ಅಕ್ಕಾರ, ದಾಡಿ! ಹಿಂತಾ ಗಂಡು ಇಡೀ ಪೆರಂಬೂರಾಗ ಸಿಗಂಗಿಲ್ಲ," ಎಂದು ಅವರು ಬೀಗಿದರು.

"ನನ್ನ ಶೇವಿಂಗ್ ಬ್ರಷ್ ಇದ್ದ ಹಾಗಿದೆ," ಎಂದರು ನಮ್ಮವರು.

ಕ್ರಿಸ್‌ಮಸ್ಸಿಗೆ ಮುಂಚೆಯೇ ಆ ದಾಡಿಯವನು ಬುಟ್ಟಿ ಹಾರಿ ಪರಾರಿಯಾದ. ನಮ್ಮ ಎರಡೂ ಮನೆಗಳ ಹಿಂದೆ ರೈಲು ಬಾರದ ಹಳೆಯ ಸೈಡಿಂಗ್ ಹಳಿಗಳು, ಅವುಗಳ ಸುತ್ತ ಆಳೆತ್ತರದ ಬಳ್ಳಾರಿ ಜಾಲಿ. ಅಲ್ಲಿ ಸೇರಿಕೊಂಡು ಕಾಡುಪ್ರಾಣಿಯಾಗಿಬಿಟ್ಟ. ಹಗಲೆಲ್ಲ ಜಾಲಿಯಲ್ಲಿ ಹುಳು ಹೆಕ್ಕುವುದು, ಸಂಜೆ ಗೋಡೆ ಹಾರಿ ಬಂದು ನನ್ನ ಗಳುವಿನ ಮೇಲೆ, ನನ್ನ ಮಡಿ ಸೀರೆಯ ಮೇಲೆ, ಎರಡೂ ಕಾಲೂರಿ ಕೂರುವುದು. ಬೆಳಿಗ್ಗೆ ನಾನು ಮಿಂದು ಬಂದರೆ ಸೀರೆಯ ಮೇಲೆ ಅವನ ಪ್ರಸಾದ. ಮತ್ತೆ ಒಗೆ. ಮತ್ತೆ ಹರವು. ನೀರಿನ ಲಾರಿ ಎಂದು ಬಂದೀತೆಂಬ ಖಾತ್ರಿಯಿಲ್ಲ. ಗಳುವನ್ನು ಜಾಗ ಬದಲಿಸಿದೆ, ಅಲ್ಲಿಗೂ ಬಂದ. ಪಕ್ಕದಲ್ಲಿ ಅವನಿಗೆಂದೇ ಇನ್ನೊಂದು ಗಳು ಕಟ್ಟಿಸಿದೆ, ಅದರ ಕಡೆ ತಿರುಗಿಯೂ ನೋಡಲಿಲ್ಲ.

ಹೊಸ ವರ್ಷ ಕಳೆಯಿತು. ಪಕ್ಕದ ಮನೆಯ ಮಗಳಿಗೆ ಮದುವೆ ಗೊತ್ತಾಯಿತು, ಈಸ್ಟರ್ ಆದ ಮೇಲಿನ ವಾರ. ತಾಯಿ ಗೋಡೆಯ ಬಳಿ ಬಂದು, ಎಂದಿಲ್ಲದ ಹಾಗೆ ದನಿ ತಗ್ಗಿಸಿ ಹೇಳಿದರು: "ನಮ್ಮ ಮನಿಯವರು ಇದ್ದಾಗ ಪ್ರತಿ ಮದುವಿಗೂ ಮೇಜಿನ ನಡುವ ಟರ್ಕಿ ಇರ್ತಿತ್ರಿ. ಅವರಿಲ್ಲ ಅಂತ ನನ್ನ ಮಗಳ ಮದುವ್ಯಾಗ ಆ ಜಾಗ ಖಾಲಿ ಬಿಡಾಂಗಿಲ್ಲ. ಬೀಗರಿಗೂ ದಾಡಿ ಟರ್ಕಿ ಅಂತ ಹೇಳೀನಿ. ಹಿಡಿದು ಕೊಡ್ತೀರೇನ್ರಿ ಅಕ್ಕಾರ? ನಿಮ್ಮ ಹಿತ್ತಲಕ್ಕ ಅಲ್ಲೇನ್ರಿ ಬರೋದು."

ಹಿಡಿದ ಮೇಲೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಅದು ಅವರ ಮನೆಯ ಊಟ, ನಾನು ತೀರ್ಮಾನಿಸುವ ವಿಷಯವಲ್ಲ. ನನ್ನ ಸೀರೆ ನನ್ನ ವಿಷಯ. "ಮದುವೆಗೆ ಮುಂಚೆ ನಿಮ್ಮ ಹಕ್ಕಿ ನಿಮ್ಮ ಕೈಯಲ್ಲಿರುತ್ತದೆ," ಎಂದು ಮಾತು ಕೊಟ್ಟೆ. ಕೊಟ್ಟ ಮಾತಿಗೆ ನಾನು ತಪ್ಪುವವಳಲ್ಲ.

ಹಿಡಿಯುವ ಹೊಣೆಯನ್ನು ನಮ್ಮವರಿಗೆ ವಹಿಸಿದ್ದು ಮೊದಲ ದಡ್ಡತನ. ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿದ್ದ ಮನುಷ್ಯ. ಎದುರಿಗಿದ್ದವರನ್ನು ಕುರ್ಚಿ ಕೊಟ್ಟು ಕೂರಿಸಿ ಮಾತಾಡಿಸುವುದೇ ಅಭ್ಯಾಸ. ದೊಡ್ಡ ಬುಟ್ಟಿಗೆ ಕೋಲು ಆನಿಸಿ, ಕೋಲಿಗೆ ಹಗ್ಗ ಕಟ್ಟಿ, ಕೆಳಗೆ ಅಕ್ಕಿ ಚೆಲ್ಲಿ, ಬಾಗಿಲ ಮರೆಯಲ್ಲಿ ಕುಳಿತರು. ದಾಡಿಯವನು ಬಂದ, ಅಕ್ಕಿ ತಿಂದ, ಹೋದ. ಹಗ್ಗ ಅವರ ಕೈಯಲ್ಲಿಯೇ ಇತ್ತು.

"ಏನ್ರೀ, ಯಾಕೆ ಎಳೀಲಿಲ್ಲ?"

"ಊಟ ಮಾಡ್ತಾ ಇತ್ತು ಕಣೆ. ಅರ್ಧದಲ್ಲಿ ಹೇಗೆ ಎಬ್ಬಿಸೋದು?"

ಆಮೇಲೆ ಪಕ್ಕದ ಮನೆಯಾಕೆಯೂ ನಾನೂ ಹಳೆಯ ಸೊಳ್ಳೆಪರದೆ ಹಿಡಿದು ಜಾಲಿಯೊಳಗೆ ಇಳಿದೆವು. ನಾನು ಒಂಬತ್ತು ಗಜದ ಸೀರೆ, ಅವರು ಫ್ರಾಕ್ ಮತ್ತು ಗಂಡನ ಡ್ಯೂಟಿ ಬೂಟು. ಹಕ್ಕಿ ಹಳಿಯ ಮೇಲೆ ನಮ್ಮ ಮುಂದೆಯೇ ಗಂಭೀರವಾಗಿ ನಡೆಯಿತು. ನಾವು ಓಡಿದರೆ ಓಡಿತು, ನಿಂತರೆ ನಿಂತು ಹಿಂತಿರುಗಿ ನೋಡಿತು. ಪರದೆ ಮುಳ್ಳಿಗೆ ಸಿಕ್ಕಿ ಹರಿಯಿತು. ಆಕೆ ಅದೇ ಹಳಿಯ ಮೇಲೆ ಕುಳಿತು ಏದುಸಿರುಬಿಡುತ್ತ, "ಇವನೌನ, ಬೀಗರಿಗಿಂತ ಠೇಂಕಾರ ಜಾಸ್ತಿ ಇದಕ್ಕ," ಎಂದರು.

ನಮ್ಮವರಿಗೆ ಮಾತ್ರ ಒಂದು ಅನುಮಾನವಿತ್ತು. "ಗಂಡು ಟರ್ಕಿ ಗುಳುಗುಳು ಅಂತ ಕೂಗಬೇಕಂತೆ. ಇವನು ಒಂದು ದಿನವೂ ಬಾಯಿ ಬಿಟ್ಟಿಲ್ಲವಲ್ಲ?"

"ನಿಮ್ಮ ಹಾಗೆಯೇ ಇರಬೇಕು," ಎಂದೆ.

ಬಿಸಿಲು ಏರತೊಡಗಿದ ಮೇಲೆ ಇದ್ದಕ್ಕಿದ್ದಂತೆ ಗಳು ಖಾಲಿಯಾಯಿತು. ಸತತವಾಗಿ ಕೆಲವು ದಿನ ಸೀರೆ ಶುದ್ಧವಾಗಿಯೇ ಸಿಕ್ಕಿತು. ನೆಮ್ಮದಿಯ ಬದಲು ನನಗೆ ಗಾಬರಿ: ನಾಯಿ ಹಿಡಿದಿದ್ದರೆ ಮಾತಿನ ಗತಿ? ನುಗ್ಗೆಮರದ ಹಿಂದೆ ಒಡೆದ ಸಿಮೆಂಟು ತೊಟ್ಟಿಯೊಂದು ಮಗುಚಿ ಬಿದ್ದಿತ್ತು. ಒಣಗಿದ ಎಲೆ ಗುಡಿಸಲು ಹೋದವಳು ಬಗ್ಗಿ ನೋಡಿದರೆ, ಒಳಗೆ ದಾಡಿಯವನು ಕುಳಿತಿದ್ದಾನೆ, ಅಡಿಯಲ್ಲಿ ಚುಕ್ಕೆಚುಕ್ಕೆಯ ಮೊಟ್ಟೆಗಳು.

ದಾಡಿಯಿದ್ದ ಹೆಣ್ಣು! ತಿಂಗಳುಗಟ್ಟಲೆ ನಮ್ಮನ್ನೆಲ್ಲ ಒಂದು ಜುಟ್ಟು ಕೂದಲು ತೋರಿಸಿ ಏಮಾರಿಸಿತ್ತು.

ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಬಂದು ನೋಡಿ ಹಣೆ ಚಚ್ಚಿಕೊಂಡರು. ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಮಿಸುಕಾಡುತ್ತಲೂ ಇಲ್ಲ. ಆದರೂ ಅವರು ಕೈ ಹಿಂದಕ್ಕೆಳೆದುಕೊಂಡರು. "ಕಾವಿಗೆ ಕುಂತದ್ದನ್ನ ನಮ್ಮವ್ವ ಮುಟ್ಟಗೊಡ್ತಿದ್ದಿಲ್ರಿ. ಮರಿ ಹೊರಗ ಬರ್ಲಿ. ಮದುವಿಗೆ ಇನ್ನೂ ಟೈಮ್ ಐತಿ. ಆಮ್ಯಾಲೆ ಒಯ್ತೀನಿ, ಮರೀನ ನಾ ಸಾಕ್ತೀನಿ."

ನಮ್ಮವರು ಅಂದಿನಿಂದ ತೊಟ್ಟಿಯ ಮುಂದೆ ಸ್ಟೂಲು ಹಾಕಿಕೊಂಡು ಪೇಪರ್ ಓದತೊಡಗಿದರು. ಹೆರಿಗೆ ಆಸ್ಪತ್ರೆಯ ಹೊರಗೆ ಕುಳಿತ ಹಾಗೆ. ನನಗೋ ಮರುದಿನ ಕಾಫಿ ಸೋಸುವಾಗ ಥಟ್ಟನೆ ಹೊಳೆಯಿತು.

"ಏನ್ರೀ, ಇದು ಹೆಣ್ಣು. ಈ ಸುತ್ತಿನಲ್ಲಿ ಇರೋದು ಇದೊಂದೇ ಟರ್ಕಿ. ಗಂಡಿಲ್ಲದೆ ಮರಿ ಎಲ್ಲಿಂದ ಬರಬೇಕು?"

ಅವರು ಪೇಪರ್ ಮಡಚಿದರು. ಮುಖ ಸಪ್ಪಗಾಯಿತು. ಚಪ್ಪಲಿ ಮೆಟ್ಟಿ ಹೋದರು.

ಆ ಸಂಜೆ ಮೂಲೆಯಂಗಡಿಗೆ ಕಡಲೇಬೇಳೆಗೆ ಹೋದರೆ ಅಂಗಡಿಯವನು ಕಾಳಜಿಯಿಂದ, "ಅಮ್ಮಾ, ಮಾಮಾ ಮುಟ್ಟೆ ವಾಂಗಿಟ್ಟು ಪೋನಾರೇ, ಯಾರುಕ್ಕು ಒಡಂಬು ಸರಿಯಿಲ್ಲೆ?" ಎಂದು ಕೇಳಿದ. ನಾಮ ಹಾಕಿದ ಮಾಮಾ ಮೊಟ್ಟೆ ಕೊಂಡರೆಂದರೆ ಮನೆಯಲ್ಲಿ ಯಾರೋ ಹಾಸಿಗೆ ಹಿಡಿದಿರಬೇಕು, ವೈದ್ಯರು ಹೇಳಿರಬೇಕು. ಅವನ ಲೆಕ್ಕ ಸರಿಯಾಗಿಯೇ ಇತ್ತು. ಬೀದಿಯವರೆಲ್ಲ ನನ್ನ ಮೈಬಣ್ಣ ಪರೀಕ್ಷಿಸುತ್ತಿದ್ದಾರೆ ಎನಿಸಿತು. ಮನೆಗೆ ಬಂದರೆ ನಮ್ಮವರಾಗಲೇ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಹಳೆಯ ಮೊಟ್ಟೆ ತೆಗೆದು ಹೂತು, ಅಂಗಡಿಯ ಬೆಳ್ಳನೆಯ ಮೊಟ್ಟೆಗಳನ್ನು ಹಕ್ಕಿಯ ಅಡಿಗೆ ಸೇರಿಸಿ, ಮತ್ತೊಮ್ಮೆ ಸ್ನಾನಕ್ಕೆ ಇಳಿದಿದ್ದರು. ನೀರಿಲ್ಲದ ದಿನ!

ಬೈದೆ. ಆದರೆ ಮೊಟ್ಟೆ ತೆಗೆಸಲಿಲ್ಲ. ಕೋಳಿಮರಿಯಾದರೂ ಮರಿಯೇ, ಹೊರಬಂದರೆ ಹಕ್ಕಿ ಎದ್ದೀತು, ನನ್ನ ಮಾತು ಉಳಿದೀತು. ದಿನವೂ ಬೆಳಿಗ್ಗೆ ನಾನೇ ತೊಟ್ಟಿಯ ಬಳಿ ಅಕ್ಕಿ, ನೀರು ಇಟ್ಟೆ. ಅದು ಮೂಸಿಯೂ ನೋಡುತ್ತಿರಲಿಲ್ಲ. ಈಸ್ಟರ್ ಬಂತು, ಹೋಯಿತು. ಪಕ್ಕದ ಮನೆಗೆ ಸುಣ್ಣ ಬಳಿದರು, ಬಣ್ಣದ ಕಾಗದ ಕಟ್ಟಿದರು. ಮೊಟ್ಟೆಗಳು ಕಲ್ಲಿನ ಹಾಗೆ ಇದ್ದಲ್ಲೇ ಇದ್ದವು.

ಮದುವೆಗೆ ಎರಡು ದಿನವಿರುವಾಗ ಆಕೆಯನ್ನು ಕರೆದು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಬಗ್ಗಿ, ಒಂದು ಮೊಟ್ಟೆ ಎತ್ತಿ, ಬಿಸಿಲಿಗೆ ಹಿಡಿದು, ನಮ್ಮಿಬ್ಬರ ಮುಖವನ್ನೂ ನೋಡಿದರು.

"ಅಂಗಡಿಯಾವೇನ್ರಿ ಇವು? ಫಾರಮ್ಮಿನಾವು?"

"ಹೌದು," ಎಂದರು ನಮ್ಮವರು. "ತಾಜಾ ನೋಡಿ ಕೊಡು ಅಂದೆ."

"ಯಪ್ಪಾ! ಅಲ್ಲಿ ಹುಂಜಾನ ಇರಂಗಿಲ್ರಿ! ಅವು ಆಮ್ಲೆಟ್ ಆಗ್ತಾವು, ಮರಿ ಆಗಂಗಿಲ್ಲ!" ನಗುತ್ತ ನಗುತ್ತ ಅವರು ನುಗ್ಗೆಮರ ಹಿಡಿದುಕೊಂಡರು. "ಈ ವಯಸ್ಸಿನ ತನಕ ಇದು ಗೊತ್ತಿಲ್ಲೇನ್ರಿ ನಿಮಗ?"

ಯಾರು ಹೇಳಬೇಕಿತ್ತು ನಮಗೆ? ಅಂಗಡಿಯಲ್ಲಿ ಮಾರುವ ಮೊಟ್ಟೆಯಲ್ಲಿ ಮರಿ ಇದ್ದೇ ಇರುತ್ತದೆ ಎಂದೇ ನಮ್ಮ ಮನೆಯ ತಿಳುವಳಿಕೆ. ಅದಕ್ಕೇ ತಾನೇ ತಲೆಮಾರುಗಳಿಂದ ತಿನ್ನದೆ ಇದ್ದದ್ದು.

"ಇನ್ನು ಕಾಯೋದು ಏನಿಲ್ಲ. ತೆಗೆದುಕೊಂಡು ಹೋಗಿ," ಎಂದೆ. ನಮ್ಮವರು ಪೇಪರ್ ಎತ್ತಿಕೊಂಡು ಒಳಗೆ ನಡೆದರು.

ಆಕೆ ಹಕ್ಕಿಯನ್ನು ಎರಡೂ ಕೈಯಲ್ಲಿ ಎತ್ತಿದರು. ನಮ್ಮನ್ನು ಅಷ್ಟು ಓಡಾಡಿಸಿದ್ದು ಈಗ ಒಂದು ರೆಕ್ಕೆಯನ್ನೂ ಬಡಿಯಲಿಲ್ಲ. ಅವರು ಹೆಬ್ಬೆರಳಿನಿಂದ ಎದೆ ಒತ್ತಿ ನೋಡಿದರು. ನಗು ನಿಂತಿತು.

"ಬರೇ ಎಲುಬು ಅಕ್ಕಾರ. ಉಪವಾಸ ಕುಂತು ಮೈಯೆಲ್ಲ ಕರಗಿಸ್ಕೊಂಡೈತಿ. ಇದನ್ನ ಮೇಜಿನ ಮ್ಯಾಲೆ ಇಟ್ರ ಬೀಗರು ನನ್ನ ಕೊಯ್ತಾರ."

ಕೊಟ್ಟ ಮಾತು ಹೀಗೆ ಮುರಿದುಬಿತ್ತು. ಹಕ್ಕಿ ಅವರ ಕೈಯಲ್ಲೇ ಇತ್ತು, ಮೇಜಿನ ಜಾಗ ಖಾಲಿಯೇ ಉಳಿಯಿತು. ಅವರು ಅದನ್ನು ನೆಲಕ್ಕೆ ಬಿಟ್ಟರು. ನನ್ನ ಮುಖ ನೋಡಿ, "ಟರ್ಕಿ ಬದಲಿಗೆ ನೀವಽ ಏನರ ಮಾಡಿ ಇಡ್ರಿ ನಡುವ. ನನಗ ಅಷ್ಟು ಸಾಕು," ಎಂದರು.

"ಒಬ್ಬಟ್ಟು ಮಾಡ್ತೀನಿ," ಎಂದೆ. "ಆದರೆ ಮಡಿಯಲ್ಲೇ ಮಾಡೋದು. ಬೇರೆ ರೀತಿ ನನಗೆ ಬರೋದಿಲ್ಲ."

"ನಿಮ್ಮ ಮಡಿ ನೀವು ಮಾಡ್ರಿ. ತಿನ್ನಾವ್ರು ನಾವು."

ಮದುವೆಯ ಹಿಂದಿನ ದಿನ ಲಾರಿಯಿಂದ ಬಂದ ನೀರಿನಲ್ಲಿ ಸೀರೆ ಒಗೆದು, ಕೋಲಿನಿಂದ ಎತ್ತಿ ಹರವಿದೆ. ಮದುವೆಯ ದಿನ ಬೆಳಕು ಹರಿಯುವ ಮುಂಚೆ ಮಿಂದು, ಕಡಲೇಬೇಳೆ ಬೇಯಿಸುವ ಆತುರದಲ್ಲಿ ಹಿತ್ತಲಿಗೆ ಹೋದೆ. ಗಳುವಿನ ಮೇಲೆ, ಸೀರೆಯ ನಟ್ಟನಡುವೆ, ದಾಡಿ ಇಳಿಬಿಟ್ಟುಕೊಂಡು ಅದು ಕುಳಿತಿತ್ತು.

ಕೊಡದಲ್ಲಿ ಉಳಿದದ್ದು ಬೇಳೆಗೆಂದು ಇಟ್ಟ ನೀರು. ಅದರಲ್ಲಿಯೇ ಸೀರೆ ಒಗೆದೆ, ಒದ್ದೆಯಲ್ಲೇ ಉಟ್ಟೆ, ನಮ್ಮವರನ್ನು ಎಬ್ಬಿಸಿ, ಬೇಳೆ ಬೇಯಿಸಲು ಪಕ್ಕದ ಮನೆಯಿಂದ ಒಂದು ಕೊಡ ನೀರು ತರಲು ಕಳಿಸಿದೆ.