ಸುಕ್ಕು ಸಹಿಸದ ಭಗವಂತರಾಯ

ದೊಡ್ಡನೆಕ್ಕುಂದಿಯ ಗಾರ್ಮೆಂಟ್ಸ್‌ನಲ್ಲಿ ಇಸ್ತ್ರಿ ಮಾಡುವ ಭಗವಂತರಾಯನಿಗೆ ಸುಕ್ಕು ಕಣ್ಣಿಗೆ ಬಿದ್ದರೆ ಕಸ ಬಿದ್ದ ಹಾಗೆ. ಬಸ್ಸಿನಲ್ಲಿ ಎದುರು ನಿಂತವನ ಕಾಲರ್ ಮಡಚಿದ್ದರೂ ಬೆರಳಿನಿಂದ ತೀಡಿ, ಬೈಸಿಕೊಂಡೇ ಇಳಿಯುತ್ತಾನೆ. ಕಂಪನಿ ಶಿವಾಜಿನಗರದ ಗಲ್ಲಿಯಲ್ಲಿ ಎರಡು ಮಿಷನ್ನಿನ ಅಂಗಡಿಯಾಗಿದ್ದಾಗಲೇ ಸೇರಿದವನು. ಅವನು ಇಸ್ತ್ರಿ ಹಾಕಿದ ತೋಳಿನ ಗೆರೆಯಲ್ಲಿ ಸೌತೆಕಾಯಿ ಹೆಚ್ಚಬಹುದು ಎನ್ನುತ್ತಿದ್ದರು. ಈಗ ಕಂಪನಿಗೆ ಇಂದಿರಾನಗರದಲ್ಲಿ ಗಾಜಿನ ಶೋರೂಮು. ಅಲ್ಲಿ ಮಾರುವುದು ದೊಡ್ಡವರು ಆರಾಮಾಗಿ ತೊಡುವ ದುಬಾರಿ ಲಿನನ್ ಅಂಗಿ. “ಭಗವಂತಣ್ಣ, ಇಸ್ತ್ರಿ ಬೇಡ, ಒದ್ದೆ ಇರುವಾಗ್ಲೇ ಹಿಂಡಿಬಿಡಿ. ಕಸ್ಟಮರ್‌ಗೆ ಸುಕ್ಕೇ ಇಷ್ಟ,” ಎನ್ನುತ್ತಾಳೆ ಸೂಪರ್‌ವೈಸರ್ ಹಂಸ. “ಸುಕ್ಕಂಗಿ ಹಾಕ್ಕೊಂಡು ಎಲ್ಲಿಗಿ ಹೋಗ್ತಾರ್ರೀ ಮೇಡಂ?” “ಪಾರ್ಟಿಗೆ ಅಣ್ಣ.” ಅವನು ಗೊಣಗುತ್ತ ಹಿಂಡುತ್ತಾನೆ, ಅವಳು ಅತ್ತ ಹೋದೊಡನೆ ಕಾಲರ್‌ಗಾದರೂ ಒಮ್ಮೆ ಇಸ್ತ್ರಿಪೆಟ್ಟಿಗೆ ಎಳೆಯುತ್ತಾನೆ. ಭಾನುವಾರ ಮಾತ್ರ ಅವನದೇ ರಾಜ್ಯ. ಬಾಣಸವಾಡಿಯ ಬಾಡಿಗೆ ಕೋಣೆಯಲ್ಲಿ ತನ್ನ ಹಳೇ ಬಿಳಿ ಅಂಗಿಗೆ ಒಂದು ಗಂಟೆ ಇಸ್ತ್ರಿ ಹಾಕಿ, ತೊಟ್ಟು, ರೈಲ್ವೆ ಸ್ಟೇಷನ್ನಿಗೆ ಹೋಗಿ ಬೆಂಚಿಗೆ ಬೆನ್ನು ತಾಗಿಸದೆ ಕೂರುತ್ತಾನೆ, ತನ್ನೂರು ಕಲಬುರಗಿ ಕಡೆಯವರು ಯಾರಾದರೂ ಇಳಿದಾರೆಂದು. ರೈಲು ಬರುತ್ತದೆ. ಬಂದಿಳಿದವರ ಅಂಗಿಗೆ ಅವರವರ ಮಕ್ಕಳು ಜೋತುಬೀಳುತ್ತವೆ. ಸಂಜೆ ಕೋಣೆಗೆ ಮರಳಿ ಅಂಗಿ ಕಳಚಿ ಮೊಳೆಗೆ ಹಾಕುವಾಗ ನೋಡಿದರೆ, ಅದರಲ್ಲಿ ಒಂದೇ ಒಂದು ಸುಕ್ಕು ಇರುವುದಿಲ್ಲ.