ಪಾವ್ಣ್ಯಾರು ಇಳಿದ ಮುಂಜಾನೆ

ನನ್ನ ಅಣ್ಣ ಮದುವೆ ಫೋಟೋ ತೆಗೆಯುವವನು. ಎಂಥ ದೊಡ್ಡ ಬೀಗರನ್ನಾದರೂ "ಅಲುಗಾಡಬ್ಯಾಡ್ರಿ" ಎಂದು ಒಂದೇ ಮಾತಿನಲ್ಲಿ ನಿಲ್ಲಿಸುತ್ತಿದ್ದ. ಚಳಿಗಾಲ ಬಂತೆಂದರೆ ಸದಲಗಾದ ನಮ್ಮ ಹೊಲದ ಕೆಳಗೆ, ದೂಧಗಂಗಾ ನೀರು ನಿಲ್ಲುವ ಜವುಗಿನಲ್ಲಿ ಎದೆ ಹಚ್ಚಿ ಮಲಗಿ, ಕೊಕ್ಕರೆಗಳಿಗೂ ಅದನ್ನೇ ಪಿಸುಗುಡುತ್ತಿದ್ದ. ತಲೆಯ ಮೇಲೆ ಎರಡು ಕಪ್ಪು ಪಟ್ಟಿಯ ಹೆಬ್ಬಾತುಗಳೆಂದರೆ ಅವನಿಗೆ ಪಾವ್ಣ್ಯಾರು, ದೂರದಿಂದ ಬರುವ ನೆಂಟರು. ಅವುಗಳ ಹತ್ತಿರದ ಫೋಟೋ ಮಾತ್ರ ಅವನಿಗೆ ಒಂದೂ ಸಿಕ್ಕಿರಲಿಲ್ಲ.

"ಮೇವು ಕೊಯ್ಯಾಕ ಹೋದಾಗ ಕಣ್ಣಿಡು ತಂಗಿ. ಪಾವ್ಣ್ಯಾರು ಬಂದ್ರ ಫೋನ್ ಹಚ್ಚು. ಹತ್ರ ಹೋಗಬ್ಯಾಡ," ಎಂದಿದ್ದ.

ಒಂದು ಮುಂಜಾನೆ ಬಂದೇಬಿಟ್ಟವು. ಮೊದಲು ಕೂಗು, ಆಮೇಲೆ ಆಕಾಶದ ತುಂಬ ರೆಕ್ಕೆ. ಕಾಲು ಮುಂದೆ ಚಾಚಿ, ನೀರು ಸೀಳುತ್ತ ಒಂದರ ಹಿಂದೊಂದು ಇಳಿದವು. ಫೋನ್ ಹಚ್ಚಿದೆ. "ಬಂದೆ, ಬಂದೆ," ಎಂದ. ಅವನು ಬರುವುದರೊಳಗೆ ನಾನೇ ಫೋನಿನಲ್ಲಿ ಒಂದು ಫೋಟೋ ತೆಗೆಯಬೇಕೆಂಬ ಆಸೆ ಹುಟ್ಟಿತು. ಕುಡಗೋಲು ಬಿಟ್ಟು ನೀರಿನತ್ತ ನಡೆದೆ. ಒಂದು ಹೆಬ್ಬಾತು ಕತ್ತೆತ್ತಿತು. ಮರುಗಳಿಗೆಯಲ್ಲಿ ಎಲ್ಲವೂ ಎದ್ದು ಹಾರಿದವು.

ಅಣ್ಣ ಏದುಸಿರು ಬಿಡುತ್ತ ಬಂದ. "ನಾಯಿ ಬಂದು ಎಬ್ಬಿಸ್ತು," ಎಂದೆ.

ಅವನು ಕೆಸರು ನೋಡಿದ. ನನ್ನ ಹೆಜ್ಜೆಗಳು ನೀರಿನ ತನಕ ಮೂಡಿದ್ದವು. "ನಮ್ಮೂರ ನಾಯಿ ಚಪ್ಪಲಿ ಹಾಕ್ಕೊಂಡ ಅಡ್ಡಾಡತಾವೇನವ್ವಾ?" ಎಂದ. ನಾನು ತಲೆ ತಗ್ಗಿಸಿದೆ. "ಹೋಗ್ಲಿ. ಹೆಂಗ ಇಳಿದ್ವು, ಅದನ್ನರ ಹೇಳು."

ಹೇಳತೊಡಗಿದಂತೆ ನನಗೆ ಮತ್ತೆ ಖುಷಿ ಉಕ್ಕಿತು. ಕೈ ಬೀಸಿ ಬೀಸಿ ತೋರಿಸಿದೆ. ಅವನು ಕ್ಯಾಮೆರಾ ಎದೆಗವಚಿಕೊಂಡು ಕೇಳುತ್ತಲೇ ಇದ್ದ. ಅಷ್ಟೆಲ್ಲ ಮಾತಾಡಿದವಳಿಗೆ, ತಪ್ಪಾಯಿತು ಎನ್ನಲು ಮಾತ್ರ ಬಾಯಿ ಬರಲಿಲ್ಲ.