ಸೇರು ಒದೆಯಲು ಕಲಿತ ಇಂಜಿನ್

ಗೆಳೆಯರೇ, ಇವತ್ತು ಬೆಳಿಗ್ಗೆಯಿಂದ ನನ್ನ ಆಟಿಕೆ ರೈಲಿನ ಇಂಜಿನ್ನಿಗೂ ನನಗೂ ಜಗಳ. ತೀರಿಹೋದ ನನ್ನಾಕೆ ಬಣ್ಣ ಬಳಿದ ರೈಲು ಡಬ್ಬಿಗೆ ಅದು ಮೆಲ್ಲಗೆ ಬಂದು ಕೂಡಿಕೊಳ್ಳಬೇಕು. ಆದರೆ ಗುದ್ದಿ ಗುದ್ದಿ ಬಣ್ಣವನ್ನೇ ಕೀಳುತ್ತಿತ್ತು. ಕಾಲೇಜಿನಲ್ಲಿ ಇದಕ್ಕೆ ಇನರ್ಷಿಯಾ ಅಂತಿದ್ದರೋ, ಮೊಮೆಂಟಮ್ ಅಂತಿದ್ದರೋ, ಏನೋ ಒಂದು.

ನಿಂಬರ್ಗಾದಿಂದ ಬಂದಿದ್ದ ಅಕ್ಕ ರೇಗಿದಳು: "ಏ ತಮ್ಮಾ, ಆಕಿ ಡಬ್ಬಿ ಒಡದ ಹಾಕ್ತಿಯೇನೋ! ನಿನ್ನ ಹೇಣ್ತಿ ಹೊಸ್ತಿಲದಾಗ ಅಕ್ಕಿ ಸೇರು ಹ್ಯಾಂಗ ಒದ್ದಿದ್ಲು? ಬೆರಳ ತಾಕಿಸಿದಂಗ. ಹಂಗ ಕಲಿಸು ಇದಕ್ಕ."

ಕಂಟ್ರೋಲರ್‌ನಲ್ಲಿ ವೇಗದ ಮಿತಿ ಅರ್ಧಕ್ಕಿಂತ ಕೆಳಗಿಳಿಸಿ, ಹೊರಡುವಾಗ ಜಿಗಿಯದಂತೆ ಸೆಟ್ಟಿಂಗ್ ಬದಲಿಸಿದೆ. ಟಿಕ್ ಎಂದು ಕೂಡಿಕೊಂಡಿತು.

"ನೋಡು, ಸೊಸಿ ಮನಿಗೆ ಬಂದ್ಲು" ಎಂದಳು ಅಕ್ಕ.

ಅವತ್ತು ನನ್ನಾಕೆ ಒದ್ದ ಸೇರು ಹಾರಿ, ಆರತಿ ಹಿಡಿದು ನಿಂತಿದ್ದ ಇದೇ ಅಕ್ಕನ ಮೊಣಕಾಲಿಗೆ ಬಡಿದಿತ್ತು. ಮರೆತಳೋ, ಕ್ಷಮಿಸಿದಳೋ, ನಾನಂತೂ ಕೇಳಲಿಲ್ಲ.